ಹಸನಬ್ಬ ಮಾಸ್ಟ್ರ ಮೇಜು

ದುಬೈಯ ಸತ್ವಾದಲ್ಲಿ, ಟೈಲರ್ ಅಂಗಡಿಗಳೇ ತುಂಬಿದ ಒಂದು ಗಲ್ಲಿಯಲ್ಲಿ, ನನ್ನ ಪ್ರಾಯವೆಲ್ಲ ಕಳೆಯಿತು. ಈಗ ಕೆಲಸ ಬಿಟ್ಟು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಮಗಳ ಮನೆಯಲ್ಲಿದ್ದೇನೆ. ನಮ್ಮ ಕರಾವಳಿಯವರ ಸಂಘದವರು ಆಗಾಗ ಕರೆದು, ಹೊಲಿಗೆ ಮತ್ತು ಡಿಸೈನ್ ಕಲಿಯುವ ಹುಡುಗಿಯರ ಮುಂದೆ ನನ್ನನ್ನು ನಿಲ್ಲಿಸುತ್ತಾರೆ. ‘ಆ ಗಲ್ಲಿಯ ಮೊದಲ ಲೇಡಿ ಕಟಿಂಗ್ ಮಾಸ್ಟರ್’ ಎಂದು ಪರಿಚಯ ಮಾಡಿಸಿ ಶಾಲು ಹೊದಿಸುತ್ತಾರೆ. ಗಂಡಸರ ಕೆಲಸ ನಿಮ್ಮ ಕೈಗೆ ಹೇಗೆ ಬಂತು ಆಂಟೀ ಎಂದು ಹುಡುಗಿಯರು ಕೇಳುತ್ತಾರೆ. ಛಲ, ಶ್ರದ್ಧೆ, ದೇವರ ದಯೆ ಎಂದೆಲ್ಲ ಹೇಳಿ ಕೆಳಗಿಳಿದು ಬರುತ್ತೇನೆ. ಕಳೆದ ಸಲ ಚಪ್ಪಾಳೆ ಜೋರಾಯಿತು. ಮನೆಗೆ ಬಂದು ಶಾಲನ್ನು ಮಡಚಿ ಕಪಾಟಿನ ತಳಕ್ಕೆ ತಳ್ಳಿದೆ. ಈ ಕೆಲಸಕ್ಕೆ ಕಾಲಿಡುವವರಿಗೆ ನಿಜ ಹೇಗಿತ್ತೆಂದು ಬರೆದಿಟ್ಟರೆ, ಮುಂದಿನ ಸಲ ಸಂಘದವರು ನನ್ನನ್ನು ಕರೆಯದೆ ಇದ್ದಾರು. ಕರೆಯದಿದ್ದರೆ ಒಳ್ಳೆಯದೇ.

ನಮ್ಮ ಅಂಗಡಿಯಲ್ಲಿ ಹೊಲಿಯುತ್ತಿದ್ದುದು ಬರೀ ಹೆಂಗಸರ ಬಟ್ಟೆ. ಹೊಲಿಯುವವರು ಮಾತ್ರ ಎಲ್ಲರೂ ಗಂಡಸರು. ಅವರಲ್ಲೂ ಮೇಲು ಕೀಳು ಇತ್ತು. ಗುಂಡಿ ಹಾಕುವವನು, ಅಂಚು ಮಡಚುವವನು, ಹಳೆ ಬಟ್ಟೆ ಬಿಚ್ಚಿ ಸರಿಮಾಡುವ ಆಲ್ಟರೇಶನ್‌ನವನು ತೀರಾ ಕೆಳಗೆ. ಹೊಸ ಬಟ್ಟೆ ಹೊಲಿಯುವವರು ಅವರ ಮೇಲೆ. ಎಲ್ಲರಿಗಿಂತ ಮೇಲೆ ದೊಡ್ಡ ಮೇಜಿನ ಮುಂದೆ ಕತ್ತರಿ ಹಿಡಿದು ನಿಲ್ಲುವ ಕಟಿಂಗ್ ಮಾಸ್ಟರ್. ಅವರೊಬ್ಬರು ನಿಂತು ಕೆಲಸ ಮಾಡುತ್ತಿದ್ದರು, ಉಳಿದವರೆಲ್ಲ ಕೂತು.

ಗಂಡಸರು ಹೆಂಗಸರ ಮೈ ಮುಟ್ಟಿ ಅಳತೆ ತೆಗೆಯುವಂತಿರಲಿಲ್ಲ. ಅದಕ್ಕಾಗಿ ನಾನು. ಅಂಗಡಿಯ ಮೂಲೆಯಲ್ಲಿ ಪರದೆ ಕಟ್ಟಿದ ಪುಟ್ಟ ಜಾಗ, ಒಂದು ಕನ್ನಡಿ, ಕೊರಳಲ್ಲಿ ಟೇಪು. ಒಳಗೆ ನಿಂತು ಅಳತೆ ತೆಗೆದು, ಪರದೆಯಾಚೆಗೆ ಕೇಳುವಂತೆ ಕೂಗಿ ಹೇಳಬೇಕು. ಉದ್ದ, ಭುಜ, ಎದೆ, ಸೊಂಟ, ತೋಳು, ಕುತ್ತಿಗೆ, ಎಲ್ಲದಕ್ಕೂ ಒಂದು ಕ್ರಮ. ಆಚೆ ಮೇಜಿನ ಹತ್ತಿರ ಹಸನಬ್ಬ ಮಾಸ್ಟ್ರು ಸೀಮೆಸುಣ್ಣದಿಂದ ಬಟ್ಟೆಯ ಮೂಲೆಯಲ್ಲೇ ಅಂಕಿ ಬರೆದುಕೊಳ್ಳುತ್ತಿದ್ದರು. ಅವರು ಪುತ್ತೂರಿನ ಕಡೆಯ, ಬ್ಯಾರಿ ಭಾಷೆಯ ಮುಸ್ಲಿಮರು, ನಾನು ಕಾರ್ಕಳದ ಕಡೆಯ ಕೊಂಕಣಿ ಕ್ರಿಶ್ಚಿಯನ್. ಇಬ್ಬರಿಗೂ ನಡುವೆ ಕನ್ನಡ. ನನ್ನನ್ನು ಜೂಲಿಬಾಯಿ ಎನ್ನುತ್ತಿದ್ದರು.

ಊರಿನಲ್ಲಿ ಸಿಸ್ಟರುಗಳ ಹೊಲಿಗೆ ಕ್ಲಾಸಿನಲ್ಲಿ ನಾನು ಕಟಿಂಗ್ ಕಲಿತವಳೇ. ಮದುವೆಗೆ ಮೊದಲು ಅರ್ಧ ಊರಿನ ರವಿಕೆ ಕತ್ತರಿಸಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಅಂಗಡಿಯ ಸೇಠ್‌ಗೆ ಅದನ್ನು ಹೇಳಿದೆ. ಬೊಂಬಾಯಿಯಿಂದ ಬಂದ ಮನುಷ್ಯ, ನಗುತ್ತಲೇ ಬಾಯಿ ಮುಚ್ಚಿಸುವುದರಲ್ಲಿ ನಿಸ್ಸೀಮ.

“ಜೂಲಿ, ಪರದೇ ಕೇ ಅಂದರ್ ತುಮ್ ಮಾಸ್ಟರ್. ಬಾಹರ್ ಮರ್ದ್ ಲೋಗ್ ಕೋ ಕರ್ನೇ ದೋ,” ಎಂದರು. ಪರದೆಯೊಳಗೆ ನಾನು ಮಾಸ್ಟರ್, ಹೊರಗಿನದು ಗಂಡಸರಿಗೆ ಬಿಡು. ಹೊಲಿಯುವವರೆಲ್ಲ ನಕ್ಕರು. ನಾನೂ ನಕ್ಕು, ಟೇಪು ಕೊರಳಿಗೆ ಹಾಕಿಕೊಂಡು ಪರದೆಯೊಳಗೆ ಹೋದೆ.

ಈ ಕೂಗಿ ಹೇಳುವ ಪದ್ಧತಿ ಎಷ್ಟು ಕೆಟ್ಟದ್ದೆಂದು ನನಗೆ ಅರ್ಥವಾದದ್ದು ಒಬ್ಬ ಮದುಮಗಳಿಂದ. ದಪ್ಪಗೆ, ಚೆಂದಕ್ಕೆ ಇದ್ದ ಹುಡುಗಿ. ಹೊರಗೆ ಸೋಫಾದಲ್ಲಿ ಗಂಡಿನ ಕಡೆಯ ಅತ್ತೆ, ನಾದಿನಿಯರು ಕೂತಿದ್ದರು. ನಾನು ಎಂದಿನಂತೆ ಗಂಟಲು ಬಿಟ್ಟು ಎದೆ ಇಷ್ಟು, ಸೊಂಟ ಇಷ್ಟು ಎಂದು ಸಾರಿದೆ. ಹೊರಗೆ ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಬಟ್ಟೆ ಸಾಕಾದೀತಾ ಎಂದು ಕೇಳಿದರು. ಹುಡುಗಿ ಎತ್ತಿದ ಕೈಗಳನ್ನು ಇಳಿಸಲಿಲ್ಲ, ಹಾಗೇ ನಿಂತು ಅತ್ತುಬಿಟ್ಟಳು. ಅವಳ ಕಣ್ಣೀರು ನನ್ನ ಟೇಪಿನ ಮೇಲೆ ಬಿತ್ತು. ಆ ದಿನ ಸೇಠ್‌ಗೆ ಹೇಳಿದೆ, ಇನ್ನು ಮುಂದೆ ಚೀಟಿಯಲ್ಲಿ ಬರೆದು ಕೊಡುತ್ತೇನೆ ಎಂದು. ಚೀಟಿ ಕಳೆದುಹೋಗುತ್ತದೆ, ಮಾಸ್ಟರು ಕಿವಿಯಿಂದ ಕತ್ತರಿಸುವವರು, ಹಳೆ ಪದ್ಧತಿಯೇ ಸರಿ ಎಂದರು. ನಾನು ಮತ್ತೆ ಕೇಳಲಿಲ್ಲ. ಕೂಗುವುದನ್ನೇ ಮುಂದುವರಿಸಿದೆ.

ಪರದೆಯೊಳಗೆ ಕಾಣಬಾರದ್ದೂ ಕಾಣುತ್ತದೆ. ಕೈ ಎತ್ತಿ ಎಂದರೆ ನೋವಿನಿಂದ ತುಟಿ ಕಚ್ಚುವವರು, ಬೆನ್ನಿನ ಮೇಲೆ ನೀಲಿ ಕಟ್ಟಿದವರು, ಹೋದ ಸಲಕ್ಕಿಂತ ಅರ್ಧದಷ್ಟು ಇಳಿದು ಬಂದವರು. ಟೇಪನ್ನು ನೋಡು, ಮೈಯನ್ನು ನೋಡಬೇಡ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದನ್ನು ಮರ್ಯಾದೆ ಎಂದು ತಿಳಿದಿದ್ದೆ. ಹೆಚ್ಚಿನ ಸಲ ಅದು ಹೆದರಿಕೆ.

ಈಗಿನ ಹುಡುಗಿಯರಿಗೆ ಇದೆಲ್ಲ ಕಥೆಯಂತೆ ಕೇಳೀತು. ಈಗ ಗಿರಾಕಿಗಳು ಮನೆಯಲ್ಲೇ ಅಳತೆ ತೆಗೆದು ವಾಟ್ಸಾಪ್ ಮಾಡುತ್ತಾರೆ, ಇಲ್ಲವೇ ಸರಿಯಾಗಿ ಕೂರುವ ಹಳೆ ಬಟ್ಟೆ ಕಳಿಸುತ್ತಾರೆ. ನನ್ನ ಮೊಮ್ಮಗಳಿಗೆ ಪರದೆಯ ವಿಷಯ ಹೇಳಿದಾಗ, “ದಟ್ಸ್ ಸೋ ವಿಯರ್ಡ್, ಗ್ರ್ಯಾನಿ,” ಎಂದು ಮೊಬೈಲಿಗೆ ತಿರುಗಿದಳು.

ಆ ಯೂನಿಫಾರ್ಮಿನ ವಿಷಯಕ್ಕೆ ಬರುತ್ತೇನೆ. ಬರಲೇಬೇಕು, ಇಷ್ಟು ಬರೆದದ್ದೇ ಅದಕ್ಕಾಗಿ.

ಜುಮೇರಾ ಕಡೆಯ ಒಂದು ವಿಲ್ಲಾದಿಂದ ಒಬ್ಬ ಮೇಡಂ ಬರುತ್ತಿದ್ದರು. ನಮ್ಮ ದೇಶದವರೇ. ಸೇಠ್‌ನ ಹೆಂಡತಿಯ ಗೆಳತಿ, ಅಂಗಡಿಗೆ ದೊಡ್ಡ ಗಿರಾಕಿ. ತಮ್ಮ ಮನೆಗೆಲಸದವಳಿಗೆ ಯೂನಿಫಾರ್ಮ್ ಹೊಲಿಸುವುದು ಅವರ ರಿವಾಜು: ಮುಂದೆ ಗುಂಡಿಗಳಿರುವ ಉದ್ದ ಶರ್ಟು, ಕೆಳಗೆ ಪ್ಯಾಂಟು. ಆ ಕೆಲಸದವಳು ಶ್ರೀಲಂಕಾದ ಹುಡುಗಿ, ಕುಮಾರಿ. ಹಿಂದಿನ ವರ್ಷವೂ ಅವಳ ಅಳತೆ ನಾನೇ ತೆಗೆದಿದ್ದೆ. ಪೈಪಿನಂತೆ ಸಪೂರ ಇದ್ದಳು.

ಈ ಸಲ ಪರದೆಯೊಳಗೆ ಬಂದವಳು ಶಾಲು ತೆಗೆಯಲು ಹಿಂಜರಿದಳು. ನಾನು ಉದ್ದ ಕೂಗಿದೆ, ಭುಜ ಕೂಗಿದೆ, ಎದೆ ಕೂಗಿದೆ. ಸೊಂಟಕ್ಕೆ ಟೇಪು ಸುತ್ತಿದಾಗ ಕೈ ನಿಂತಿತು. ಎರಡು ಹೆತ್ತವಳು ನಾನು. ಆ ಹೊಟ್ಟೆ ಊಟದಿಂದ ಬಂದದ್ದಲ್ಲ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಮನೆಗೆಲಸದವರ ಮುರುಕು ಹಿಂದಿ, ಅರಬಿ ಬೆರೆಸಿ ಪಿಸುಗುಟ್ಟಿದಳು: “ದೀದೀ, ಮಾಫಿ ಬೋಲೋ. ಟಿಕೆಟ್ ಹೈ. ದಸ್ ದಿನ್, ಬಸ್. ದಸ್ ದಿನ್ ಮೇ ಘರ್.” ಅಲ್ಲಿನ ಮಾತಿನಲ್ಲಿ ‘ಮಾಫಿ’ ಎಂದರೆ ಇಲ್ಲ, ಬೇಡ; ಹೇಳಬೇಡ ಎನ್ನುತ್ತಿದ್ದಳು. ಹತ್ತು ದಿನದಲ್ಲಿ ರಜೆಗೆ ಊರಿಗೆ ಹೋಗುವವಳು.

ಆಗಿನ ಕಾಲ ಬೇರೆ. ಮದುವೆಯಿಲ್ಲದೆ ಬಸಿರಾದವಳಿಗೆ ಆಸ್ಪತ್ರೆಗಿಂತ ಮೊದಲು ಪೊಲೀಸ್ ಠಾಣೆ, ಆಮೇಲೆ ಜೈಲು. ಹೊರಗೆ ಸೋಫಾದಲ್ಲಿ ಮೇಡಂ ಕೂತಿದ್ದಾರೆ, ನನ್ನ ಬಾಯಿಂದ ಬರುವ ಅಂಕಿಗೆ ಕಿವಿ ಕೊಟ್ಟು.

“ಸೊಂಟ?” ಎಂದರು ಮಾಸ್ಟ್ರು ಆಚೆಯಿಂದ.

“ಇಪ್ಪತ್ತೆಂಟು,” ಎಂದೆ. ಅದು ಹಿಂದಿನ ವರ್ಷದ ಸೊಂಟ. ಟೇಪಿನಲ್ಲಿದ್ದುದು ಬೇರೆ.

ಆಚೆ ಕತ್ತರಿಯ ಸದ್ದು ನಿಂತಿತು. “ಎಷ್ಟು ಹೇಳಿದ್ದು ಜೂಲಿಬಾಯಿ? ಇನ್ನೊಮ್ಮೆ ಹೇಳಿ.”

“ಇಪ್ಪತ್ತೆಂಟು ಮಾಸ್ಟ್ರೇ.”

“ಆಯ್ತು,” ಎಂದರು. ಕತ್ತರಿ ಮತ್ತೆ ಸದ್ದು ಮಾಡಿತು.

ಮೇಡಂ ಹೋದ ಮೇಲೆ ಮಾಸ್ಟ್ರಿಗೆ ಗುಟ್ಟಾಗಿ ನಿಜವಾದ ಅಂಕಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಆಮೇಲೆ ಸಾವಿರ ಸಲ ಕೇಳಿಕೊಂಡೆ. ಗಂಡಸರು ತುಂಬಿದ ಅಂಗಡಿಯಲ್ಲಿ ಒಬ್ಬ ಗಂಡಸಿನ ಹತ್ತಿರ ಹೋಗಿ ಇನ್ನೊಬ್ಬಳ ಹೊಟ್ಟೆಯ ವಿಷಯ ಹೇಳಲು ನನಗೆ ನಾಲಿಗೆ ಹೊರಳಲಿಲ್ಲ. ಮಾಸ್ಟ್ರ ಮೇಲೆ ನಂಬಿಕೆಯೂ ಸಾಲಲಿಲ್ಲ. ಅದೂ ಅಲ್ಲದೆ ಈದ್ ಹತ್ತಿರ, ಅಂಗಡಿಯಲ್ಲಿ ಬಟ್ಟೆಗಳ ರಾಶಿ. ಯೂನಿಫಾರ್ಮ್‌ಗಳು ಮೂರು ವಾರಕ್ಕೆ ಮೊದಲು ಯಾರ ಕೈಗೂ ಬರುವುದಿಲ್ಲ, ಅಷ್ಟರಲ್ಲಿ ಹುಡುಗಿ ವಿಮಾನ ಹತ್ತಿರುತ್ತಾಳೆ ಎಂದು ಲೆಕ್ಕ ಹಾಕಿದೆ.

ಸೇಠ್ ಹೆಂಡತಿಯ ಗೆಳತಿಯನ್ನು ಕಾಯಿಸುತ್ತಾರೆಯೇ? ಯೂನಿಫಾರ್ಮ್‌ಗಳನ್ನು ಎಲ್ಲದಕ್ಕಿಂತ ಮೊದಲು, ಎರಡೇ ದಿನದಲ್ಲಿ ಹೊಲಿಸಿ ಕಳಿಸಿಬಿಟ್ಟರು.

ಮರುದಿನವೇ ಮೇಡಂ ಹುಡುಗಿಯನ್ನು ಎಳೆದುಕೊಂಡು ಬಂದರು. ಶರ್ಟನ್ನು ಸೇಠ್‌ನ ಮುಂದೆ ಎಸೆದರು. ಹೊಟ್ಟೆಯ ಮೇಲಿನ ಗುಂಡಿಗಳು ಕೂಡುವುದಿಲ್ಲ.

“ಅಳತೆ ತಪ್ಪಿದೆಯೋ, ಇವಳೇ ತಿಂದು ಊದಿದ್ದಾಳೋ? ಈಗಲೇ ಇನ್ನೊಮ್ಮೆ ಅಳತೆ ತೆಗೆಸಿ. ನಾನೇ ಒಳಗೆ ನಿಂತು ನೋಡುತ್ತೇನೆ,” ಎಂದರು ಹಿಂದಿಯಲ್ಲಿ.

ಸೇಠ್ ನನ್ನ ಕಡೆ ತಿರುಗಿ ಪರದೆ ತೋರಿಸಿದರು. ಕುಮಾರಿ ಶಾಲನ್ನು ಬಿಗಿಯಾಗಿ ಹೊದ್ದು, ನೆಲ ನೋಡುತ್ತಾ ನಿಂತಿದ್ದಳು. ನಾನು ಅಳತೆ ತಪ್ಪಾಯಿತು ಎಂದರೂ ಪರದೆಯೊಳಗೆ ಹೋಗಲೇಬೇಕು. ಅಂಕಿ ಸರಿ ಇತ್ತು ಎಂದರೂ ಹೋಗಲೇಬೇಕು.

ಆಗ ಹಸನಬ್ಬ ಮಾಸ್ಟ್ರು ಮೇಜು ಬಿಟ್ಟು ಬಂದರು. ಶರ್ಟನ್ನು ಎತ್ತಿ, ತಿರುಗಿಸಿ ನೋಡಿದರು.

“ಸೇಠ್, ಗಲತೀ ಮೇರಾ ಹೈ,” ಎಂದು ತಮ್ಮ ಹಿಂದಿಯಲ್ಲೇ ತಪ್ಪೊಪ್ಪಿಕೊಂಡರು. “ಬೇರೆಯವರ ಅಂಕಿ ನೋಡಿ ಕತ್ತರಿಸಿದ್ದೇನೆ. ಅಳತೆ ಸರಿಯೇ ಉಂಟು, ಪುನಃ ತೆಗೆಯುವುದು ಎಂತಕ್ಕೆ? ಸಂಜೆಯ ಒಳಗೆ ನಾನೇ ಲೂಸ್ ಮಾಡಿ ಬೇರೆ ಹೊಲಿದು ಕೊಡ್ತೇನೆ.”

ಮೇಡಂಗೆ ಸಿಟ್ಟು ತಿರುಗಿಸಲು ಒಂದು ಮುಖ ಸಿಕ್ಕಿತು. ಮುದುಕನಿಗೆ ಕಣ್ಣು ಹೋಗಿದೆ, ಇವನ ಕೈಗೆ ಕತ್ತರಿ ಕೊಟ್ಟವರು ಯಾರು, ನನ್ನ ರೇಷ್ಮೆ ಬಟ್ಟೆಗಳನ್ನೂ ಇವನೇ ಕತ್ತರಿಸುವುದಾ ಎಂದು ಇಡೀ ಗಲ್ಲಿಗೆ ಕೇಳುವಂತೆ ಬೈದರು. ಹೊಲಿಯುವವರೆಲ್ಲ ಯಂತ್ರ ನಿಲ್ಲಿಸಿ ನೋಡಿದರು. ಮಾಸ್ಟ್ರ ಕಟಿಂಗು ವಾಪಸು ಬಂದದ್ದನ್ನು ಅವರಲ್ಲಿ ಯಾರೂ ಅದುವರೆಗೆ ಕಂಡವರಲ್ಲ. ಮಾಸ್ಟ್ರು ತಲೆ ತಗ್ಗಿಸಿ ಕೇಳಿದರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಅವರು ನೋಡಿದ್ದರೆ ನಾನು ಏನು ಮಾಡುತ್ತಿದ್ದೆನೋ. ಅವತ್ತು ಸಂಜೆಯೇ ಊಟ ಬಿಟ್ಟು ಕೂತು, ಮುಂದೆ ನೆರಿಗೆ ಇಟ್ಟ ಸಡಿಲ ಗೌನಿನಂಥ ಯೂನಿಫಾರ್ಮ್ ಹೊಲಿದು ಕೊಟ್ಟರು. ಹೊಟ್ಟೆಯೇನು, ಎರಡು ಹೊಟ್ಟೆ ಮುಚ್ಚುವಷ್ಟು ಬಟ್ಟೆ ಇತ್ತು ಅದರಲ್ಲಿ.

ಅಲ್ಲಿಯವರೆಗೆ ನಾನು ಬಾಯಿ ಬಿಡದಿದ್ದುದು ಸರಿ. ಬಿಟ್ಟಿದ್ದರೆ ಹುಡುಗಿ ಸಿಕ್ಕಿಬೀಳುತ್ತಿದ್ದಳು. ಆ ಸುಳ್ಳಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ, ನಾಳೆಯೂ ಅದೇ ಸುಳ್ಳು ಹೇಳಿಯೇನು. ನಾಚಿಕೆಯ ಕೆಲಸ ನಡೆದದ್ದು ಆಮೇಲೆ.

ಮೇಡಂ ಸೇಠ್‌ನ ಮನೆಗೂ ಹೋಗಿ ದೂರಿದರು. ಸೇಠ್‌ಗೆ ಮಾಸ್ಟ್ರ ಪ್ರಾಯ ಮೊದಲೇ ಕಣ್ಣಿಗೆ ಚುಚ್ಚುತ್ತಿತ್ತು. ಮರುವಾರ ಅವರನ್ನು ಮೇಜಿನಿಂದ ತೆಗೆದು ಬಾಗಿಲ ಪಕ್ಕದ ಆಲ್ಟರೇಶನ್ ಯಂತ್ರಕ್ಕೆ ಕೂರಿಸಿದರು. ನಿಂತು ಕೆಲಸ ಮಾಡುತ್ತಿದ್ದ ಮನುಷ್ಯ ಹಳೆ ಪ್ಯಾಂಟುಗಳ ಅಂಚು ಮಡಚುತ್ತಾ ಕೂತರು. ಈದ್‌ನ ರಾಶಿ ಮುಂದಿತ್ತು, ಹೊಸ ಮಾಸ್ಟರನ್ನು ಹುಡುಕಲು ಪುರುಸೊತ್ತಿರಲಿಲ್ಲ. ಸೇಠ್ ನನ್ನನ್ನು ಕರೆದರು.

“ತುಮ್ ಬೋಲ್ತೀ ಥೀ ನಾ, ಕಟಿಂಗ್ ಆತಾ ಹೈ? ಯಲ್ಲಾ, ದಿಖಾವೋ.” ಕಟಿಂಗ್ ಬರುತ್ತದೆ ಎನ್ನುತ್ತಿದ್ದೆಯಲ್ಲ, ಹೂಂ, ತೋರಿಸು ಎಂದು.

ಆ ಗಳಿಗೆಯಲ್ಲಿ ಹುಡುಗಿ ಇನ್ನೂ ಮೇಡಂ ಮನೆಯಲ್ಲೇ ಇದ್ದಳು, ಹಾಗಾಗಿ ಬಾಯಿ ಬಿಡುವಂತಿಲ್ಲ ಎಂದುಕೊಂಡೆ. ಅದು ನಿಜವೂ ಹೌದು. ಆದರೆ ಕತ್ತರಿ ಕೈಗೆ ಬಂದಾಗ ನನಗೆ ಆದದ್ದು ಸಂತೋಷ. ಬರೆಯಲೂ ಮುಖವಿಲ್ಲ, ಆದರೂ ಬರೆಯುತ್ತೇನೆ: ಆ ಮನುಷ್ಯ ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದಾಗ, ಅವರದೇ ಕತ್ತರಿ ಹಿಡಿದು, ಮದುವೆ ಮನೆಯವಳಂತೆ ನನ್ನ ಎದೆ ಉಬ್ಬಿತ್ತು. ಹತ್ತು ದಿನ ಕಳೆದವು, ಹುಡುಗಿ ಹೋಗಿರಬೇಕು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ. ಸೇಠ್‌ಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು: ತಪ್ಪು ಮಾಸ್ಟ್ರದ್ದಲ್ಲ, ಅಂಕಿ ಸುಳ್ಳು ಹೇಳಿದ್ದು ನಾನು. ಹೇಳಿದರೆ ಮೇಜು ಹೋಗುತ್ತದೆ. ಈದ್ ಕಳೆಯಿತು, ಕ್ರಿಸ್ಮಸ್ ಕಳೆಯಿತು. ಹೆಂಗಸು ಕತ್ತರಿಸುತ್ತಾಳೆ ಎಂದು ಕೇಳಿ ಹೊಸ ಗಿರಾಕಿಗಳು ಬರತೊಡಗಿದರು. ನನ್ನ ಕೆಲಸಕ್ಕೆ ಪರದೆಯೊಳಗೆ ಫಿಲಿಪ್ಪೀನ್ಸಿನ ಒಬ್ಬಳು ಬಂದಳು. ನಾನು ಅವಳಿಗೆ ಜೋರಾಗಿ ಕೂಗು ಎಂದು ಕಲಿಸಿದೆ.

ಮಾಸ್ಟರ್ ಆದ ಮೇಲೆ ನಾನು ಮಾಡಿದ ತಪ್ಪುಗಳಲ್ಲಿ ಒಂದನ್ನು ನೀವು ಕಲಿತುಕೊಳ್ಳಬೇಕು. ಮಖಮಲ್ಲಿನ ರೋಮ ಒಂದೇ ಕಡೆಗೆ ಮಲಗಿರುತ್ತದೆ. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿನಲ್ಲಿ ಕತ್ತರಿಸದಿದ್ದರೆ ಒಂದು ತೋಳು ಕಪ್ಪು, ಇನ್ನೊಂದು ಮಾಸಲು ಕಾಣುತ್ತದೆ. ಬಟ್ಟೆ ಉಳಿಸುವ ಹುರುಪಿನಲ್ಲಿ ನಾನು ಒಂದು ತೋಳನ್ನು ಉಲ್ಟಾ ಕತ್ತರಿಸಿದ್ದೆ. ಬಟ್ಟೆ ಮುಗಿದಿತ್ತು, ಗಿರಾಕಿ ಸಂಜೆಗೆ ಬರುವವರಿದ್ದರು. ಸೇಠ್‌ಗೆ ಗೊತ್ತಾದರೆ ಖಲಾಸ್. ನಾನು ತೋಳನ್ನು ಕೈಯಲ್ಲಿ ಹಿಡಿದು ಬೆವರುತ್ತಿದ್ದಾಗ ಮಾಸ್ಟ್ರು ಬಂದು, ಮಾತಿಲ್ಲದೆ ಅದನ್ನು ತೆಗೆದುಕೊಂಡು ಹೋದರು. ಉಲ್ಟಾ ತೋಳನ್ನು ತಿರುಗಿಸಿಟ್ಟು ಅದರಲ್ಲೇ ಸರಿ ದಿಕ್ಕಿನ ಅರ್ಧ ತೋಳು ತೆಗೆದು, ಇನ್ನೊಂದನ್ನೂ ಮೊಣಕೈಗೆ ಕತ್ತರಿಸಿ, ಎರಡಕ್ಕೂ ಕೆಳಗೆ ಸ್ಯಾಟಿನ್ ಜೋಡಿಸಿಕೊಟ್ಟರು. ಗಿರಾಕಿ ಹೊಸ ಡಿಸೈನಾ ಎಂದು ಖುಷಿಪಟ್ಟು ನನ್ನನ್ನು ಹೊಗಳಿದರು.

“ಮಖಮಲ್ಲಿಗೆ ಕೈ ಸವರಿ ನೋಡ್ಬೇಕು, ಜೂಲಿಬಾಯಿ,” ಎಂದರು ಮಾಸ್ಟ್ರು ಆಮೇಲೆ, “ಕಣ್ಣಿಗೆ ಗೊತ್ತಾಗುದಿಲ್ಲ.” ಅಷ್ಟೇ. ಅವರು ನನಗೆ ಕೊಂಕು ಮಾತಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಅವರಿಗೆ ವೀಸಾ ನವೀಕರಣ ಬೇಡ ಎಂದು ಸೇಠ್ ತೀರ್ಮಾನಿಸಿದರು. ಊರಿಗೆ ಹೊರಡುವ ದಿನ ಮಾಸ್ಟ್ರು ಗಲ್ಲಿಯ ಎಲ್ಲ ಅಂಗಡಿಗಳಿಗೂ ಹೋಗಿ ಸಲಾಂ ಹೇಳಿ ಬಂದರು. ಬಸ್ ಸ್ಟಾಪಿನ ಹತ್ತಿರದ ಕ್ಯಾಫೆಟೇರಿಯಾದಲ್ಲಿ ಚಹಾ ಕುಡಿಯೋಣ ಎಂದು ನಾನೇ ಕರೆದೆ. ಬೆಳಿಗ್ಗೆಯಿಂದ ಮಾತು ಸಿದ್ಧಮಾಡಿಕೊಂಡಿದ್ದೆ. ಕ್ಷಮಿಸಿ ಎಂದು ಕಾಲಿಗೆ ಬೀಳಲೂ ತಯಾರಿದ್ದೆ.

“ಮಾಸ್ಟ್ರೇ, ಆ ಯೂನಿಫಾರ್ಮಿನ ಸೊಂಟ...” ಎಂದು ತೊಡಗಿದೆ.

ಅವರು ಕೈಯೆತ್ತಿ ತಡೆದರು. “ಅದೆಲ್ಲ ಈಗ ಎಂತಕ್ಕೆ? ನಿಮ್ಮ ಸ್ವರ ಕೇಳಿದಾಗಲೇ ಏನೋ ಉಂಟು ಅಂತ ನಂಗೆ ಅನ್ನಿಸಿತ್ತು, ಶರ್ಟು ವಾಪಸು ಬಂದಾಗ ಗೊತ್ತಾಯ್ತು. ನಂಗೂ ಮೂರು ಹೆಣ್ಣುಮಕ್ಕಳು ಉಂಟಲ್ಲ.” ಲೋಟವನ್ನು ಕೈಯಲ್ಲಿ ತಿರುಗಿಸಿದರು. “ನಾನು ಎಷ್ಟೋ ಸಲ ನಿಮ್ಮ ಹತ್ರ ಕೇಳ್ಬೇಕು ಅಂತ ಮಾಡಿದೆ. ಗಂಡಸು ಕೇಳುದು ಸರಿಯಾ ಅಂತ ಸುಮ್ಮನಾದೆ. ಆ ಹುಡುಗಿ ಊರಿಗೆ ಮುಟ್ಟಿದ್ದಾಳಾ?”

ಆ ಮೇಡಂ ಆಮೇಲೂ ಎಷ್ಟೋ ಸಲ ಅಂಗಡಿಗೆ ಬಂದಿದ್ದರು. ಬೇರೊಬ್ಬ ಕೆಲಸದವಳನ್ನು ಕರೆತಂದಿದ್ದರು, ಅವಳ ಯೂನಿಫಾರ್ಮನ್ನು ಕತ್ತರಿಸಿದ್ದು ನಾನೇ. ಹಳೆಯವಳು ಎಲ್ಲಿ, ರಜೆಗೆ ಹೋದವಳು ಸುಖವಾಗಿ ಹೋದಳಾ ಎಂದು ಕೇಳಲು ಒಂದು ನಿಮಿಷ ಬೇಕಿರಲಿಲ್ಲ. ನಾನು ಕೇಳಿರಲಿಲ್ಲ. ಕೇಳಬೇಕೆಂದು ತೋಚಿಯೂ ಇರಲಿಲ್ಲ. ಇಷ್ಟು ವರ್ಷ ನನ್ನ ನಾಚಿಕೆಯೆಲ್ಲ ಮೇಜಿನ ಸುತ್ತಲೇ ಇತ್ತು. ಆ ಹುಡುಗಿಯನ್ನು ನಾನು ಪೂರ್ತಿ ಮರೆತಿದ್ದೆ. ಅವಳಿಗಾಗಿ ಮೇಜು ಬಿಟ್ಟುಕೊಟ್ಟವರು ಹಳೆ ಪ್ಯಾಂಟುಗಳ ಅಂಚು ಮಡಚುತ್ತಾ ಅವಳನ್ನೇ ನೆನೆಯುತ್ತಿದ್ದರು.

ಬಸ್ಸು ಬರುವ ಹೊತ್ತಾಗಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಮುಟ್ಟಿದ್ದಾಳೆ ಮಾಸ್ಟ್ರೇ,” ಎಂದೆ. “ಸುಖವಾಗಿ ಮುಟ್ಟಿದ್ದಾಳೆ.”

“ಅಲ್‌ಹಮ್ದುಲಿಲ್ಲಾ,” ಎಂದರು. ಅಷ್ಟು ಹಗುರಾದ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ. ಚಹಾ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಬೀಸಿದರು. ನಾನೂ ಬೀಸಿದೆ. ಅವಳು ಊರು ಮುಟ್ಟಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.